ಹಲ್ಲಿಯ ಮೊಟ್ಟೆ ಗೋಡೆಗೆ ಅಂಟಿದ ಕಥೆ

ಲೋಕ ಆಗಷ್ಟೇ ಹುಟ್ಟಿತ್ತು. ಆಕಾಶದ ನೀಲಿ ಇನ್ನೂ ಹಸಿಯಾಗಿತ್ತು. ಮೇಲಕ್ಕೆ ಹಾರಿದ ಹಕ್ಕಿಗಳ ರೆಕ್ಕೆಗೆ ಬಣ್ಣ ಮೆತ್ತಿಕೊಳ್ಳುತ್ತಿತ್ತು. ಮೊಟ್ಟಮೊದಲ ಹಲ್ಲಿ ಹಲ್ಲವ್ವನಿಗೆ ಆಗ ಗೋಡೆಯೆಂದರೇನೆಂದು ಗೊತ್ತಿರಲಿಲ್ಲ. ಬಯಲಿನ ಬಂಡೆಯೇ ಅವಳ ಮನೆ.

ಒಂದು ದಿನ ದೇವರು ತಾಯಂದಿರನ್ನೆಲ್ಲ ಕರೆದು ಕಾವು ಹಂಚಿದ. ಕೋಳಿಗೆ ಎದೆಯಲ್ಲಿ ಕೊಟ್ಟ. ಹಸುವಿಗೆ ನಾಲಿಗೆಯಲ್ಲಿ ಕೊಟ್ಟ. ಗುಬ್ಬಿಗೆ ರೆಕ್ಕೆಯಡಿಯಲ್ಲಿ ಕೊಟ್ಟ. ಹಲ್ಲವ್ವ ತೆವಳಿಕೊಂಡು ಬರುವಷ್ಟರಲ್ಲಿ ಕಾವಿನ ಗಡಿಗೆ ಬರಿದಾಗಿತ್ತು.

“ತಂದೇ, ನನ್ನ ಪಾಲು?”

“ನಿನ್ನ ಪಾಲನ್ನು ಬೇರೆಯವರ ಕೈಯಲ್ಲಿ ಇಟ್ಟಿದ್ದೇನೆ ಮಗಳೇ. ಹುಡುಕಿಕೋ,” ಎಂದ ದೇವರು.

ಅವನು ಇಲ್ಲವೆನ್ನುವವನಲ್ಲ. ಕೊಡುವ ದಾರಿ ಮಾತ್ರ ಸುತ್ತುಬಳಸು.

ಹಲ್ಲವ್ವ ಜೋಡಿ ಮೊಟ್ಟೆ ಇಟ್ಟಳು. ಕೋಳಿಯಂತೆ ಅವುಗಳ ಮೇಲೆ ಕೂತಳು. ಕೂತಷ್ಟೂ ಮೊಟ್ಟೆ ತಣ್ಣಗಾಯಿತು.

ಕೋಳಿ ಕತ್ತು ಕೊಂಕಿಸಿ ನಕ್ಕಿತು. “ಏನೇ ಹಲ್ಲವ್ವ, ಮೊಟ್ಟೆಗೆ ಕಾವು ಕೊಡ್ತಿದ್ದೀಯೋ, ಮಜ್ಜಿಗೆ ತಂಪು ಮಾಡ್ತಿದ್ದೀಯೋ?”

ಹಲ್ಲವ್ವ ತನ್ನ ತಣ್ಣನೆಯ ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡಳು. ಮಕ್ಕಳನ್ನು ಒಂದೇ ಒಂದು ಸಲ ಬೆಚ್ಚಗೆ ಅಪ್ಪಿಕೊಳ್ಳಬೇಕೆಂಬ ಆಸೆ ಅವಳಿಗೆ. ಅಪ್ಪಿದರೆ ಅವೇ ಸಾಯುತ್ತವೆ.

ಗಾಳಿಗೆ ಕರುಳು ಚುರುಕ್ಕೆಂದಿತು. “ಅಗೋ, ಆ ಹೊಗೆ ಕಾಣ್ತದಲ್ಲ, ಅಲ್ಲಿ ದ್ಯಾವಮ್ಮ ಅಂತ ಒಬ್ಬಳಿದ್ದಾಳೆ. ಒಲೆ ಹಚ್ಚೋದು ಕಲಿತವಳು. ತಾಯಿ ಸತ್ತ ಕೋಳಿಮೊಟ್ಟೆಯನ್ನೂ ಮರಿ ಮಾಡ್ತಾಳಂತೆ. ಹೋಗವ್ವ.”

ಹಲ್ಲವ್ವ ಹೋದಳು. ದ್ಯಾವಮ್ಮ ಸೆರಗಿನಿಂದ ಕೈ ಒರೆಸಿಕೊಂಡು, ಮೊಟ್ಟೆಗಳನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.

“ಅಯ್ಯೋ, ಮಲ್ಲಿಗೆ ಮೊಗ್ಗಿನಷ್ಟಿವೆಯಲ್ಲೇ! ಅಳಬೇಡ ಬಾ. ಒಲೆಗೇನು ನಿನ್ನ ಮಕ್ಕಳು, ನನ್ನ ಮಕ್ಕಳು ಅಂತ ಭೇದವೇ?”

ಒಲೆಯ ಪಕ್ಕದ ಗೂಡಿನಲ್ಲಿ, ತೆಂಗಿನ ಚಿಪ್ಪಿಗೆ ಬೂದಿ ತುಂಬಿ, ಅದರೊಳಗೆ ಮೊಟ್ಟೆ ಇಟ್ಟಳು. ದಿನಾ ಬೆಳಿಗ್ಗೆ ಒಲೆಗೆ ಕೈಮುಗಿದು, ಅಲ್ಲೇ ಕಾವಿಗಿಟ್ಟಿದ್ದ ಕೋಳಿಮೊಟ್ಟೆ ತಿರುವುವ ಹಾಗೆಯೇ ಅವನ್ನೂ ಮೆಲ್ಲನೆ ತಿರುವಿದಳು. ಈ ಮಗ್ಗುಲಿನಿಂದ ಆ ಮಗ್ಗುಲಿಗೆ. ಆ ಮಗ್ಗುಲಿನಿಂದ ಈ ಮಗ್ಗುಲಿಗೆ.

ನೋಡುತ್ತಿದ್ದ ಹಲ್ಲವ್ವ ಒಂದು ಹೆಜ್ಜೆ ಮುಂದೆ ಬಂದಳು. ಹಲ್ಲಿಯ ಕೂಸು ಮೊಟ್ಟೆಯೊಳಗೆ ಒಂದೇ ಕಡೆ ಅಂಟಿಕೊಂಡು ಮಲಗುತ್ತದೆ. ಬುಡಮೇಲಾದರೆ ಉಸಿರು ಕಟ್ಟುತ್ತದೆ. ಹೇಳಲೇ? ಆದರೆ ಆಸರೆ ಕೊಟ್ಟ ಮನೆ, ತಿಳಿದ ಹೆಂಗಸು. ಹೇಗೆ ಹೇಳುವುದು? ಅವಳು ಬಾಯಿ ಮುಚ್ಚಿಕೊಂಡಳು.

ಕೋಳಿಮರಿಗಳು ಚಿಂವ್ ಚಿಂವ್ ಎಂದು ಹೊರಬಂದವು. ಚಿಪ್ಪಿನೊಳಗಿನ ಮೊಟ್ಟೆಗಳು ಮಾತ್ರ ಕುಗ್ಗಿ, ಕಪ್ಪಾದವು.

ಆಗ ಹಲ್ಲವ್ವ ಬಾಯಿಬಿಟ್ಟಳು. ಕೇಳಿದ ದ್ಯಾವಮ್ಮ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

“ನನ್ನ ಕೈಯೇ ಕೊಂದಿತಲ್ಲೇ! ಮೊದಲೇ ಗದರಬಾರದಿತ್ತೇನೇ?”

“ನೀನು ಅಷ್ಟು ಪ್ರೀತಿಯಿಂದ ಮುಟ್ಟುತ್ತಿದ್ದೆಯಲ್ಲಮ್ಮ. ನನಗೆ ಬಾಯಿ ಬರಲಿಲ್ಲ.”

ಇಬ್ಬರೂ ಅತ್ತರು. ಕೋಳಿ ಕೂಡ ಅಂದು ಕೊಂಕು ಆಡಲಿಲ್ಲ.

ಮತ್ತೆ ಹಲ್ಲವ್ವನಿಗೆ ಮೊಟ್ಟೆಯ ಕಾಲ ಬಂತು. ದ್ಯಾವಮ್ಮ ಹೇಳಿದಳು, “ಇನ್ನು ತಿರುವಲ್ಲ ಅಂತ ಬಾಯಿ ಹೇಳ್ತದೆ, ಈ ಕೈಯನ್ನು ನಾನೇ ನಂಬಲ್ಲ. ನಿದ್ದೆಗಣ್ಣಲ್ಲಿ ತಾನಾಗಿ ಹೋಗಿಬಿಡ್ತದೆ. ನನ್ನ ಕೈಗೂ ಜಗ್ಗದ ಹಾಗೆ ಇಡವ್ವ.”

ಹಲ್ಲವ್ವ ಒಲೆಯ ಹಿಂದಿನ ಬೆಚ್ಚನೆಯ ಗೋಡೆಯ ಬಿರುಕಿನಲ್ಲಿ ಮೊಟ್ಟೆ ಇಟ್ಟಳು. ಕಣ್ಣು ಮುಚ್ಚಿ ದೇವರನ್ನು ನೆನೆದಳು. ಅವಳ ಕಣ್ಣೀರು ಹಸಿಮೊಟ್ಟೆಯ ಮೇಲೆ ಬಿತ್ತು. ದೇವರ ದಯೆ, ಆ ಕಣ್ಣೀರು ಬೇವಿನ ಅಂಟಿನಂತೆ ಬಿಗಿಯಿತು.

ಬೆಳಿಗ್ಗೆ ದ್ಯಾವಮ್ಮನ ಕೈ ಅಭ್ಯಾಸದಂತೆ ಹೋಯಿತು. ಮೊಟ್ಟೆ ಅಲುಗಲಿಲ್ಲ. “ಗೆದ್ದೆಯಲ್ಲೇ!” ಎಂದು ನಕ್ಕಳು.

ಗೋಡೆ ಕಾವು ಕೊಟ್ಟಿತು. ಒಂದು ಸಂಜೆ ಚಿಪ್ಪು ಸೀಳಿ ಎರಡು ಮರಿಗಳು ಹೊರಬಂದವು, ಕಡ್ಡಿಯಂಥ ಬೆರಳು, ಎಳ್ಳಿನಂಥ ಕಣ್ಣು. ಹಲ್ಲವ್ವ ಓಡಿಬಂದು “ಲೊಚ್” ಎಂದಳು.

ಮರಿಗಳು ಅವಳನ್ನು ನೋಡಿದವು. ಗುರುತು ಹತ್ತಲಿಲ್ಲ. ಅವು ಬಲ್ಲ ತಾಯಿ ಗೋಡೆ. ಅದಕ್ಕೇ ಹೊಟ್ಟೆ ಒತ್ತಿಕೊಂಡು ಸರಸರ ತೊಲೆಯ ಮರೆಗೆ ಹೋದವು.

ಹಲ್ಲವ್ವ ತೊಲೆಯ ಕಡೆ ತಿರುಗಿ ಮತ್ತೊಮ್ಮೆ “ಲೊಚ್” ಎಂದು ಕರೆದಳು.

“ಬಂಡೆಗೆ ಹೋಗ್ತೀಯಾ?” ಎಂದಳು ದ್ಯಾವಮ್ಮ.

“ಇಲ್ಲಮ್ಮ. ಬದುಕಿದ್ದಾವಲ್ಲ. ಇಲ್ಲೇ ಎಲ್ಲೋ ಇದ್ದಾವಲ್ಲ. ಇಲ್ಲೇ ಇರ್ತೀನಿ.”

ಅಂದಿನಿಂದ ಹಲ್ಲಿ ನಮ್ಮ ಮನೆಗಳಲ್ಲೇ ಉಳಿಯಿತು, ಮಗು. ದೇವರ ಪಟದ ಹಿಂದೆಯೋ, ಗೋಡೆಯ ಬಿರುಕಿನಲ್ಲೋ ಅಂಟಿಕೊಂಡ ಬಿಳಿ ಮೊಟ್ಟೆ ಕಂಡರೆ ಅದನ್ನು ಕೀಳಬೇಡ. ದೀಪ ಹಚ್ಚುವ ಹೊತ್ತಿಗೆ ಒಂದು ಹಲ್ಲಿ ಲೊಚ್ ಲೊಚ್ ಎನ್ನುತ್ತದಲ್ಲ, ಆಗ ಎದುರಿನ ಗೋಡೆಯನ್ನು ನೋಡು: ಪುಟ್ಟದೊಂದು ಮರಿ ಓಡುತ್ತಿದ್ದುದು ಗಕ್ಕನೆ ನಿಂತು, ತಲೆಯೆತ್ತಿ ಕೇಳಿ, ಯಾರು ಕರೆದರೆಂದು ತಿಳಿಯದೆ ಮತ್ತೆ ಓಡಿಹೋಗುತ್ತದೆ.