ಜಾರಪ್ಪ ಮಾಡಿದ ಒಂದು ಗುಡ್ಡದ ಆಟ

ಬಯಲುಸೀಮೆಯಲ್ಲಿ ಒಂದು ದೊಡ್ಡ ಕೆರೆ. ಕೆರೆಯ ಏರಿಯ ಮೇಲೆ ಜಾಲಿ ಮರಗಳು, ಮರಗಳ ಮಗ್ಗುಲಲ್ಲಿ ಒಂದು ತಗಡಿನ ಗುಡಿಸಲು. ಆ ಕೆರೆಯಲ್ಲಿ ಜಾರಪ್ಪ ಎಂಬ ನೀರುನಾಯಿ ಇದ್ದ. ಕೆಸರಿನ ದಂಡೆಯಿಂದ ಹೊಟ್ಟೆಯ ಮೇಲೆ ಸರ್ರನೆ ಜಾರಿ ನೀರಿಗೆ ಬೀಳುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ, ಮಕ್ಕಳೇ.

ಪ್ರತಿ ಚಳಿಗಾಲ ಹಿಮದ ಬೆಟ್ಟಗಳನ್ನು ದಾಟಿ ಹೆಬ್ಬಾತುಗಳು ಆ ಕೆರೆಗೆ ಬರುತ್ತಿದ್ದವು. ಅವುಗಳಲ್ಲೊಬ್ಬಳು ಪಟ್ಟಕ್ಕ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ನಡಿಗೆಯಲ್ಲಿ ಸ್ವಲ್ಪ ಜಂಬ. ಆದರೆ ಜಾರಪ್ಪನ ಜೊತೆ ಸೇರಿದರೆ ಜಂಬವೆಲ್ಲ ಬಿಟ್ಟು ಅವಳೂ ಕೆಸರಿನಲ್ಲಿ ಜಾರುತ್ತಿದ್ದಳು. ಬಿಸಿಲು ಚುರುಗುಟ್ಟುವ ಹೊತ್ತಿಗೆ ಅವಳ ಬಳಗ ಹೊರಟುಬಿಡುತ್ತಿತ್ತು. ಅವಳು ಆಕಾಶದಲ್ಲಿ ಚುಕ್ಕಿಯಾಗಿ ಕರಗುವ ತನಕ ಜಾರಪ್ಪ ಏರಿಯ ಮೇಲೆ ನಿಂತು ನೋಡುತ್ತಿದ್ದ. ಆಮೇಲೆ ಎರಡು ದಿನ ಅವನಿಗೆ ಮೀನೂ ರುಚಿಸುತ್ತಿರಲಿಲ್ಲ.

ತಗಡಿನ ಗುಡಿಸಲು ಹಕ್ಕಿ ಎಣಿಸಲು ಬರುತ್ತಿದ್ದ ಮನುಷ್ಯರದು. ಅವರು ಬರುವುದನ್ನು ಬಿಟ್ಟು ವರ್ಷಗಳಾಗಿದ್ದವು. ಒಳಗೊಂದು ಹಳೆಯ ಕಂಪ್ಯೂಟರ್ ಉಳಿದಿತ್ತು. ಮಾಡಿನ ಮೇಲಿನ ಸೋಲಾರ್ ಹಲಗೆಗೆ ಬಿಸಿಲು ಬಿದ್ದಷ್ಟು ಹೊತ್ತು ಅದು ನಡೆಯುತ್ತಿತ್ತು. ಜಾರಪ್ಪ ಅದರಲ್ಲಿದ್ದ ಆಟಗಳನ್ನೆಲ್ಲ ಆಡಿ ಮುಗಿಸಿದ್ದ. ಆಟ ಆಡುವುದಷ್ಟೇ ಅಲ್ಲ, ಹೊಸ ಆಟ ಮಾಡುವ ಉಪಾಯವೂ ಅದರಲ್ಲಿತ್ತು. ಪರದೆಯ ಮೇಲೆ ಬಣ್ಣದ ಇಟ್ಟಿಗೆಗಳನ್ನು ಒಂದರ ಕೆಳಗೊಂದು ಜೋಡಿಸಬೇಕು. ಒಂದು ಇಟ್ಟಿಗೆ "ಕೀಲಿ ಒತ್ತಿದರೆ ಹಾರು" ಎನ್ನುತ್ತದೆ, ಇನ್ನೊಂದು "ಗುಡ್ಡ ತಾಗಿದರೆ ಬೀಳು" ಎನ್ನುತ್ತದೆ. ಪರದೆಯ ಮೇಲಿನ ಬೊಂಬೆ ಹಾಗೆಯೇ ಮಾಡುತ್ತದೆ.

ಒಂದು ಚಳಿಗಾಲ ಪಟ್ಟಕ್ಕ ಬಂದಿಳಿದ ದಿನವೇ ಜಾರಪ್ಪ ಹೇಳಿದ, "ಅಕ್ಕಾ, ನಾನೊಂದು ಆಟ ಮಾಡ್ತೀನಿ. ಅದರಲ್ಲಿ ನೀನೂ ನಾನೂ ಜೊತೆಯಲ್ಲೇ ಬೆಟ್ಟ ದಾಟ್ತೀವಿ."

"ರೆಕ್ಕೆ ಎಲ್ಲಿದೆಯೋ ನಿನಗೆ?"

"ಆಟದಲ್ಲಿ ಇರುತ್ತೆ!"

"ಹಾಗಾದ್ರೆ ನಾನು ಹೊರಡೋದರೊಳಗೆ ಮಾಡು. ಮೊದಲು ಆಡೋಳು ನಾನೇ."

ಜಾರಪ್ಪ ಕೂತ. ಒಂದು ಬೆಟ್ಟ ಸಾಕೇ? ಛೆ, ಏಳಾದರೂ ಬೇಡವೇ? ಹೆಬ್ಬಾತು ಸಾವಿರ, ಒಂದೊಂದಕ್ಕೂ ಬೇರೆ ಬೇರೆ ಗರಿ. ಮೇಲೊಬ್ಬ ಚಂದ್ರ. ಚಂದ್ರನ ಬಣ್ಣ ಸರಿಯಾಗಲಿಲ್ಲವೆಂದು ಹದಿನೈದು ದಿನ ಅದನ್ನೇ ತಿದ್ದಿದ. ಆಮೇಲೆ ಗರಿಗಳಿಗೆ ಕೈ ಹಾಕಿದ.

ಪಟ್ಟಕ್ಕ ದಿನಾ ಬಾಗಿಲಿಗೆ ಬರುತ್ತಿದ್ದಳು.

"ಜಾರಪ್ಪಾ, ಕೆಸರು ಹದವಾಗಿದೆ, ಜಾರೋಕೆ ಬಾರೋ."

"ಆಮೇಲೆ ಬರ್ತೀನಿ ಅಕ್ಕಾ."

"ಹೋಗಲಿ, ಆಗಿರೋಷ್ಟು ತೋರಿಸು."

"ಪೂರ್ತಿ ಆಗದೆ ತೋರಿಸೋದಾ? ನನ್ನ ಮರ್ಯಾದೆ ಏನಾಗಬೇಕು!" ಎಂದು ಅವನು ತಾವರೆ ಎಲೆಯನ್ನು ಪರದೆಗೆ ಅಡ್ಡ ಹಿಡಿಯುತ್ತಿದ್ದ. ಅವನ ಬಿಂಕ ನೋಡಿ ಪಟ್ಟಕ್ಕ ನಕ್ಕು ಹೋಗುತ್ತಿದ್ದಳು. ಬರುಬರುತ್ತಾ ಆ ನಗು ಕಡಿಮೆಯಾಯಿತು. ಪಾಪ, ನಮ್ಮ ಜಾರಪ್ಪನಿಗೆ ಅದು ಕಾಣಲಿಲ್ಲ. ಅವನು ಗರಿ ಎಣಿಸುತ್ತಿದ್ದ.

ಒಂದು ಬೆಳಿಗ್ಗೆ ಪಟ್ಟಕ್ಕ ಬಂದು ಹೇಳಿದಳು, "ಗಾಳಿ ತಿರುಗಿದೆ. ಇವತ್ತು ಹೊರಟ್ವಿ. ಎಲ್ಲಿ, ನನ್ನ ಆಟ?"

ಜಾರಪ್ಪ ಮೆಲ್ಲಗೆ ಎಲೆ ಸರಿಸಿದ. ಪರದೆಯ ತುಂಬ ಚಂದ್ರ, ಕೆಳಗೊಂದು ಚೆಂದದ ಹೆಬ್ಬಾತು. ಪಟ್ಟಕ್ಕ ಕೊಕ್ಕಿನಿಂದ ಕೀಲಿ ಒತ್ತಿದಳು. ಹೆಬ್ಬಾತು ಅಲುಗಲಿಲ್ಲ. ಮತ್ತೆ ಒತ್ತಿದಳು.

"ಹಾರೋದು ಹೇಗೋ?"

"ಅದು... ಹಾರೋದನ್ನ ಕೊನೆಗೆ ಮಾಡೋಣ ಅಂತಿದ್ದೆ."

ಪಟ್ಟಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಜಾರಪ್ಪಾ, ಈ ಸಲ ನಾವು ಒಂದು ದಿನಾನೂ ಜಾರಲಿಲ್ಲ" ಎಂದಳು ಅಷ್ಟೇ. ಆಮೇಲೆ ಹಾರಿಹೋದಳು.

ಆ ಬೇಸಿಗೆ ಜಾರಪ್ಪ ಗುಡಿಸಲಿನ ಕಡೆ ತಲೆ ಹಾಕಲಿಲ್ಲ. ಹೋದ ಹೆಬ್ಬಾತುಗಳೆಲ್ಲ ತಿರುಗಿ ಬರುವುದಿಲ್ಲ ಎಂಬುದು ಕೆರೆಯವರಿಗೆಲ್ಲ ಗೊತ್ತು. ಅವಳೂ ಬಾರದೆ ಹೋದರೆ? ಬತ್ತಿದ ದಂಡೆಯ ಮೇಲೆ ಕೂತು ಅವನು ದಿನವೂ ಬಡಗಣ ದಿಕ್ಕನ್ನೇ ನೋಡುತ್ತಿದ್ದ.

ಮಳೆಗಾಲ ಬಂತು. ಜಾಲಿ ಮರದ ಕೊಂಬೆಯಲ್ಲಿ ನಾರಣ್ಣ ಎಂಬ ಗೀಜಗ ಹುಲ್ಲಿನ ಎಳೆ ತಂದು ಗೂಡು ನೇಯತೊಡಗಿದ. ಗೂಡು ಇನ್ನೂ ಅರ್ಧ. ಕೆಳಗೆ ತಳವಿಲ್ಲ, ಒಳಗೆ ಹೋಗುವ ಕೊಳವೆಯಿಲ್ಲ. ಅಷ್ಟಕ್ಕೇ ಅವನು ರೆಕ್ಕೆ ಬಡಿದು ಕೂಗಿ ಕೂಗಿ ಹೆಣ್ಣು ಗೀಜಗವನ್ನು ಕರೆದ. ಅವಳು ಬಂದಳು, ಅಲ್ಲಿ ಇಲ್ಲಿ ಕುಕ್ಕಿ ನೋಡಿದಳು, ಮುಖ ತಿರುಗಿಸಿ ಹಾರಿಹೋದಳು.

ಜಾರಪ್ಪನಿಗೆ ಅಯ್ಯೋ ಅನ್ನಿಸಿತು. "ನಾರಣ್ಣ, ಪೂರ್ತಿ ಕಟ್ಟಿ ತೋರಿಸಬಾರದಿತ್ತಾ?"

"ಪೂರ್ತಿ ಕಟ್ಟಿದ ಮೇಲೆ ಬೇಡ ಅಂದಿದ್ರೆ? ನನ್ನ ಮಳೆಗಾಲ ನೀನು ವಾಪಸ್ ಕೊಡ್ತಿದ್ದೆಯಾ?" ನಾರಣ್ಣ ಆಗಲೇ ಹೊಸ ಎಳೆ ಕಟ್ಟುತ್ತಿದ್ದ. "ನಮ್ಮ ಮನೆತನದ ಪದ್ಧತಿ ಇದು ಕಣೋ. ಅರ್ಧ ಕಟ್ಟು, ಕರೆದು ತೋರಿಸು. ಒಪ್ಪಿದ್ರೆ ಮಿಕ್ಕರ್ಧ."

"ನಾಚಿಕೆ ಆಗಲ್ವಾ?"

"ಆಗುತ್ತೆ. ಆದ್ರೆ ಈ ಗೂಡು ನಾನೊಬ್ಬನೇ ಇರೋಕೆ ಅಲ್ವಲ್ಲ!"

ನಾರಣ್ಣನ ನಾಲ್ಕನೆಯ ಅರ್ಧ ಗೂಡಿಗೆ ಅವಳು ಒಪ್ಪಿದಳು. ಜಾರಪ್ಪ ಅಷ್ಟೂ ದಿನ ಕೆಳಗೇ ಕೂತು ನೋಡಿದ. ಆಮೇಲೆ ಎದ್ದು ಗುಡಿಸಲಿಗೆ ನಡೆದ.

ಮೊದಲು ಚಂದ್ರನನ್ನು ಅಳಿಸಿದ. ಹದಿನೈದು ದಿನ ತಿದ್ದಿದ ಚಂದ್ರ, ಆದರೂ ಅಳಿಸಿದ. ಒಂದೇ ಗುಡ್ಡ ಇಟ್ಟ. ಎರಡು ಚುಕ್ಕಿ, ಒಂದು ಅವಳು, ಒಂದು ತಾನು. ಒತ್ತಲು ಒಂದೇ ಕೀಲಿ. ಮೋಡ ಸರಿದು ಬಿಸಿಲು ಬಿದ್ದಷ್ಟು ಹೊತ್ತು ಮಾತ್ರ ಕೆಲಸ. ಮೊದಲ ದಿನ ಚುಕ್ಕಿಗಳು ಮೇಲೆ ಹೋದವು, ಇಳಿಯಲೇ ಇಲ್ಲ. ಮರುದಿನ ಚುಕ್ಕಿಗಳು ಅಲ್ಲೇ ನಿಂತವು, ಗುಡ್ಡವೇ ಹಾರಿತು! ಜಾರಪ್ಪನಿಗೆ ಬಹಳ ದಿನಗಳ ಮೇಲೆ ನಗು ಬಂತು. ಮೂರನೆಯ ದಿನ, ಒತ್ತಿದರೆ ಹಾರಿದವು, ಬಿಟ್ಟರೆ ಇಳಿದವು.

ಎಲೆ ಅಡ್ಡ ಹಿಡಿಯದೆ ನಾರಣ್ಣನನ್ನು ಕರೆದು ತೋರಿಸಿದ. ನಾರಣ್ಣ ಹನ್ನೊಂದು ಸಲ ಗುಡ್ಡಕ್ಕೆ ಡಿಕ್ಕಿ ಹೊಡೆದ. "ಏನೋ ಇದು, ಎರಡೇ ಚುಕ್ಕಿ" ಎಂದು ಗೊಣಗಿದ. ಮತ್ತೆ, "ತಾಳು, ಇನ್ನೊಂದು ಸಲ" ಎಂದ.

ಚಳಿ ಶುರುವಾಯಿತು. ಹೆಬ್ಬಾತುಗಳ ಮೊದಲ ಗುಂಪು ಇಳಿಯಿತು. ಪಟ್ಟಕ್ಕ ಇರಲಿಲ್ಲ. ಎರಡನೆಯ ಗುಂಪಿನಲ್ಲೂ ಇರಲಿಲ್ಲ. ಜಾರಪ್ಪ ಏರಿ ಬಿಟ್ಟು ಕದಲಲಿಲ್ಲ. ಒಂಬತ್ತನೆಯ ದಿನ ಮೂರನೆಯ ಗುಂಪು ಬಂತು. ಕೊನೆಯಲ್ಲಿ, ಸುಸ್ತಾಗಿದ್ದರೂ ಜಂಬ ಬಿಡದೆ, ಪಟ್ಟಕ್ಕ ಇಳಿದಳು!

ಜಾರಪ್ಪ ಆಟದ ಮಾತೇ ಎತ್ತಲಿಲ್ಲ. "ಅಕ್ಕಾ, ಕೆಸರು ಹದವಾಗಿದೆ" ಎಂದ. ಸಾಕೆನ್ನಿಸುವಷ್ಟು ಜಾರಿದರು. ಆಮೇಲೆ ಅವಳನ್ನು ಗುಡಿಸಲಿಗೆ ಕರೆದೊಯ್ದ.

ಪಟ್ಟಕ್ಕ ಕೀಲಿ ಒತ್ತಿದಳು. ಚುಕ್ಕಿಗಳು ಹಾರಿದವು. ಡಿಕ್ಕಿ. ಮತ್ತೆ ಡಿಕ್ಕಿ. "ಬೆಟ್ಟದ ತಲೆ ಮೇಲೇ ಹಾರಬೇಕು ಅಂತ ಯಾರೋ ಹೇಳಿದ್ದು ನಿನಗೆ? ನಡುವೆ ಸಂದು ಇರುತ್ತೆ. ನಾವು ಅದರೊಳಗೇ ನುಸುಳೋದು."

ಜಾರಪ್ಪ ಅಲ್ಲೇ ಗುಡ್ಡದಲ್ಲಿ ಸಂದು ಮಾಡಿದ. ಈ ಸಲ ಎರಡು ಚುಕ್ಕಿಗಳೂ ಜೊತೆಯಾಗಿ ಆಚೆ ದಾಟಿದವು. ಆಚೆ ಬರೀ ಬಿಳಿ.

"ಇಲ್ಲೇನೂ ಇಲ್ವಲ್ಲೋ?"

"ನಾನು ನೋಡಿಲ್ವಲ್ಲ ಅಕ್ಕಾ. ನೀನೇ ಹೇಳಲಿ ಅಂತ ಬಿಟ್ಟಿದ್ದೀನಿ."

ಪಟ್ಟಕ್ಕ ಪರದೆಯ ಹತ್ತಿರ ಸರಿದಳು. ಆಮೇಲೆ ಒಂದೊಂದಾಗಿ ಹೇಳಿದಳು. ನೀಲಿ ಸರೋವರ. ಪಕ್ಕದಲ್ಲೊಂದು ಚಪ್ಪಟೆ ಬಂಡೆ, ಅವಳು ಮೊಟ್ಟೆಯೊಡೆದು ಬಂದದ್ದು ಅದರ ಮರೆಯಲ್ಲಿ. ಜಾರಪ್ಪ ಎಲ್ಲ ಇಟ್ಟ. ಕೊನೆಗೆ ಅವಳು, "ಆ ದಡದಲ್ಲಿ ಒಂದು ಕೆಸರಿನ ಇಳಿಜಾರು ಇಡು" ಎಂದಳು.

"ಅಲ್ಲೂ ಕೆಸರಿದೆಯಾ?"

"ಇಲ್ಲ. ಆದ್ರೂ ಇರಲಿ. ನೀನು ಬಂದಾಗ ಬೇಕಾಗುತ್ತಲ್ಲ."

ಗಾಳಿ ತಿರುಗಿದಾಗ ಪಟ್ಟಕ್ಕ ಹೊರಟಳು. ಅವಳು ಚುಕ್ಕಿಯಾಗುವ ತನಕ ಜಾರಪ್ಪ ಏರಿಯ ಮೇಲೆ ನಿಂತಿದ್ದ. ಕಣ್ಣೊರೆಸಿಕೊಂಡು ಗುಡಿಸಲಿಗೆ ಬಂದು ಕೀಲಿ ಒತ್ತಿದ. ಎರಡು ಚುಕ್ಕಿಗಳು ಸಂದಿನಲ್ಲಿ ನುಸುಳಿ ಆಚೆ ಇಳಿದವು, ಸರ್ರನೆ ಜಾರಿದವು.

ನೀತಿ: ದೊಡ್ಡದಾಗಲಿ ಎಂದು ಬಚ್ಚಿಟ್ಟುಕೊಂಡು ಕೂತರೆ ನೋಡಬೇಕಾದವರೇ ಹೊರಟುಹೋಗುತ್ತಾರೆ, ಚಿಕ್ಕದಾಗಿ ಶುರುಮಾಡಿ, ಅರ್ಧದಲ್ಲೇ ಕರೆದು ತೋರಿಸಿದರೆ ಮಿಕ್ಕರ್ಧಕ್ಕೆ ಅವರೂ ಜೊತೆಯಾಗುತ್ತಾರೆ.