ಗೇಣುದ್ದದ ಕೇಬಲ್ಲು

ಗುಡ್ಡದ ಈಚೆಗೊಂದು ಊರು, ಆ ಊರಿಗೊಂದು ಪುಟ್ಟ ರೇಡಿಯೋ ಕೇಂದ್ರ. ಆ ಊರಿನ ಸಣ್ಣತಿಮ್ಮಕ್ಕನಿಗೆ ಓಬಳೇಶ ಅಂತ ಒಬ್ಬ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವಳ ಗೋಳು.

ಗುಡ್ಡದ ಆಚೆ ಮಗಳು ಬೋರಕ್ಕ ಹೆತ್ತಿದ್ದಳು. ತೊಟ್ಟಿಲ ಶಾಸ್ತ್ರಕ್ಕೆ ಹೋಗೋಣವೆಂದರೆ ತಿಮ್ಮಕ್ಕನ ಮೊಣಕಾಲು ಕೇಳದು. ಕೇಂದ್ರದ ನಸೀಮಾ ಮೇಡಂ, ನೀವು ಇಲ್ಲಿಂದಲೇ ಜೋಗುಳ ಹಾಡಿ, ಮಗಳು ರೇಡಿಯೋದಲ್ಲಿ ಕೇಳಲಿ ಅಂದರು. ಮುದುಕಿಗೆ ಹಿಗ್ಗೋ ಹಿಗ್ಗು. ದನಿ ಬಿತ್ತರಿಸುವ ಕಂಬಕ್ಕೆ ಕೇಂದ್ರದಿಂದ ಹೊಸ ಕೇಬಲ್ ಎಳೆಯಲು ಆಳು ಬೇಕೆಂದಾಗ ಮಗನನ್ನೇ ಕಳಿಸಿದಳು. ಕಳಿಸಿದ್ದೇ ತಪ್ಪಾಯಿತು.

ಮೊದಲ ದಿನ ಮೇಡಂ ಕೇಬಲ್ ತಾ ಅಂದರು. ಪಂಚೆ ಮಡಚಿದ ಹಾಗೆ ಮಡಚಿ, ಕಾಲಲ್ಲಿ ತುಳಿದು, ಹೊರೆ ಕಟ್ಟಿ ತಂದ. ಮಡಿಕೆ ಬಿದ್ದಲ್ಲೆಲ್ಲ ಕೇಬಲ್ ಹಾಳು. ಬೇರೆ ತರಿಸಬೇಕಾಯಿತು.

"ಬೆಲೆಬಾಳೋ ಸಾಮಾನು ಮಡಚ್ತಾರೇನ್ಲಾ? ಹೆಂಗೈತೋ ಹಂಗೇ ತರಬೇಕು" ಎಂದು ಅವ್ವ ಬೈದಳು.

"ಆಗ್ಲಿ ಕಣವ್ವ" ಅಂದ.

ಮಾರನೆ ದಿನ ಲ್ಯಾಪ್‌ಟಾಪ್ ತಾ ಅಂದರು. ಅದು ತೆರೆದಿತ್ತು. ಮಡಚಬಾರದಲ್ಲ! ತೆರೆದ ಹಾಗೇ ತಲೆ ಮೇಲೆ ಹೊತ್ತು, ಸುರಿಯೋ ಮಳೆಯಲ್ಲಿ ತಂದ. ಅದನ್ನು ಒಣಗಿಸುವಷ್ಟರಲ್ಲಿ ಮೇಡಂಗೆ ಸಾಕುಸಾಕಾಯಿತು.

"ಬಟ್ಟೆ ಸುತ್ತಿ, ಚೀಲದಾಗೆ ಹಾಕಿ, ಬೆನ್ನ ಮೇಲೆ ಹೊತ್ಕೊಂಡು ಬರಬೇಕು ಕಣ್ಲಾ" ಅಂದಳು ಅವ್ವ.

"ಆಗ್ಲಿ ಕಣವ್ವ" ಅಂದ.

ತೊಟ್ಟಿಲ ಶಾಸ್ತ್ರದ ದಿನ ಬಂತು. ಲ್ಯಾಪ್‌ಟಾಪಿನಲ್ಲೊಂದು ಸಾಫ್ಟ್‌ವೇರ್ ಇತ್ತು. ಕೇಬಲ್ ಯಾವ ಜಾತಿಯದು ಎಂದು ತಿಳಿಸಿದರೆ ಸಾಕು, ದಾರಿಯಲ್ಲಿ ಎಷ್ಟು ಶಕ್ತಿ ಸೋರುತ್ತದೆ, ಎಷ್ಟು ಹಿಂದಕ್ಕೆ ಬರುತ್ತದೆ, ಕೇಬಲ್ ಎಷ್ಟುದ್ದ ಇರಬೇಕು, ಎಲ್ಲಾ ಲೆಕ್ಕ ಹಾಕಿ, ಚಿತ್ರ ಬರೆದು ತೋರಿಸುತ್ತಿತ್ತು. ಮೇಡಂ ಲೆಕ್ಕ ಹಾಕಿಟ್ಟು, ಇಲ್ಲಿ ತೋರಿಸಿದಷ್ಟೇ ಉದ್ದಕ್ಕೆ ಕತ್ತರಿಸು, ನಿನ್ನ ಬುದ್ಧಿ ಸೇರಿಸಬೇಡ ಎಂದು ಹೇಳಿ ಕಂಬದ ಕಡೆ ಹೋದರು.

ಓಬಳೇಶ ಬುದ್ಧಿ ಸೇರಿಸಲಿಲ್ಲ. ಪರದೆಯ ಮೇಲಿನ ಚಿತ್ರಕ್ಕೆ ಕೇಬಲ್ ಹಿಡಿದು ನೋಡಿದ. ಚಿತ್ರ ಗೇಣುದ್ದ ಇತ್ತು. ಅಷ್ಟಕ್ಕೇ ಕತ್ತರಿಸಿದ. ಉಳಿದದ್ದು ದಂಡವಾಗುತ್ತದಲ್ಲ ಎಂದು ಅದನ್ನೂ ಗೇಣುಗೇಣಿಗೆ ಕತ್ತರಿಸಿ ನುಗ್ಗೇಕಾಯಿಯ ಹಾಗೆ ಕಂತೆ ಕಟ್ಟಿಟ್ಟ.

ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. ತಿಮ್ಮಕ್ಕ ಅತ್ತೇಬಿಟ್ಟಳು. "ನನ್ನ ಮಗಳು ರೇಡಿಯೋಕ್ಕೆ ಕಿವಿ ಕೊಟ್ಕೊಂಡು ಕುಂತವ್ಳೆ. ಆ ರೇಡಿಯೋದಾಗೆ ನನ್ನ ದನಿ ಬರೋದು ಇನ್ನು ಹೆಂಗೋ?"

"ನಾನು ತಗೊಂಡು ಹೋಗ್ತೀನಿ ಕಣವ್ವ" ಅಂದ. ಅವ್ವನಿಗೆ ಕಂಬಳಿ ಸುತ್ತಿ, ಚೀಲದೊಳಗೆ ಕೂರಿಸಿ, ಬೆನ್ನ ಮೇಲೆ ಹೊತ್ತು, ಬೈಯುತ್ತಿದ್ದರೂ ಬಿಡದೆ ಗುಡ್ಡ ಹತ್ತಿ ಇಳಿದ.

ಬೋರಕ್ಕ ಗೊರಗೊರ ಅನ್ನುವ ರೇಡಿಯೋ ಮುಂದೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಚೀಲದಿಂದ ಅವ್ವ ತಲೆ ಹೊರಹಾಕಿದ್ದು ಕಂಡು ಅಪ್ಪಿಕೊಳ್ಳಲು ಓಡಿಬಂದಳು. ಓಬಳೇಶ ಅಡ್ಡ ನಿಂತ.

"ತಡಿಯಕ್ಕ, ರೇಡಿಯೋದಾಗೇ ಬರಬೇಕಂತೆ" ಎಂದು ಅವ್ವನನ್ನು ರೇಡಿಯೋದ ಹಿಂದೆ ಕೂರಿಸಿದ.

ತಿಮ್ಮಕ್ಕ ಅಳುತ್ತಾ ನಗುತ್ತಾ ಅಲ್ಲಿಂದಲೇ ಜೋಗುಳ ಹಾಡಿದಳು. ಕೂಸು ಕಣ್ಣು ಮುಚ್ಚಿತು. ಹಾಡು ಮುಗಿಯಿತು. ಮೊಮ್ಮಗುವನ್ನು ಎತ್ತಿಕೊಳ್ಳಲು ಅವಳು ಕೈ ಚಾಚಿದಳು. ಅಷ್ಟರಲ್ಲಿ ಓಬಳೇಶ ರೇಡಿಯೋ ಆರಿಸಿ, ಚೀಲದ ಬಾಯಿ ಅಗಲಿಸಿ ಹಿಡಿದಿದ್ದ.

"ಬಾರವ್ವ, ಕಾರ್ಯಕ್ರಮ ಮುಗೀತು."