ಬದುಕಿರುವವರ ಹೆಸರಿಗೆ ‘ದಿ.’

ನಮ್ಮ ಮನೆತನಕ್ಕೆ ಈ ಊರಿನಲ್ಲಿ ನಾಲ್ಕು ತಲೆಮಾರಿನ ಹೆಸರಿದೆ. ಮುತ್ತಜ್ಜ ಶಾನುಭೋಗರು, ಅಜ್ಜ ಹೈಸ್ಕೂಲಿನ ಹೆಡ್‌ಮಾಸ್ಟರು, ತಂದೆ ಸಬ್‌ರಿಜಿಸ್ಟ್ರಾರು. ಅಡುಗೆಯಾಕೆ ಕೆಲಸ ಬಿಟ್ಟಾಗ ನಮ್ಮಜ್ಜಿ ಆಕೆಗೆ ಎಲೆ ಹಾಕಿ ಬಡಿಸಿ, ಕುಂಕುಮ ಕೊಟ್ಟು, ಗೇಟಿನವರೆಗೆ ಹೋಗಿ ಕಳಿಸಿದ್ದರು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಒಂದು ಅಲ್ಪವಿರಾಮ ತಪ್ಪಿದರೆ ಸಿಸ್ಟರ್ ಇಡೀ ಪುಟ ಮತ್ತೆ ಬರೆಸುತ್ತಿದ್ದರು. ಮಕ್ಕಳೇ, ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಂಥ ಮನೆಯಲ್ಲಿ ಬೆಳೆದವಳಿಗೆ ಮುಂದಿನದನ್ನು ನಂಬಲು ಎಷ್ಟು ಕಷ್ಟವಾಯಿತೆಂದು ತಿಳಿಯಲಿ, ಅಷ್ಟೆ.

ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ನಾನು ಹದಿನಾಲ್ಕು ವರ್ಷ ಪ್ರೂಫ್ ತಿದ್ದಿದೆ. ನಾನು ಓದಿ ಸಹಿ ಹಾಕದೆ ಯಾವ ಹಾಳೆಯೂ ಅಚ್ಚಿಗೆ ಹೋಗುತ್ತಿರಲಿಲ್ಲ. ಒಂದು ತಪ್ಪೂ ಹೊರಗೆ ಹೋಗಿಲ್ಲ. ಕಳೆದ ವರ್ಷ ನಾನು ಓದಿದ, ಈಗ ನೀವು ಓದುತ್ತಿರುವ ಈ ಶಾಲೆಯವರೇ ಗ್ರಂಥಾಲಯ ನೋಡಿಕೊಳ್ಳಲು ಕರೆದರು. ಮಾಲೀಕ ತಿಪ್ಪೇಶರಿಗೆ ಒಂದು ತಿಂಗಳ ನೋಟಿಸನ್ನು ಬರೆದುಕೊಟ್ಟೆ.

ಮರುದಿನ ಹೋದರೆ ನನ್ನ ಕುರ್ಚಿಯಲ್ಲಿ ಪೇಪರ್ ಬಂಡಲ್ ಕೂತಿತ್ತು.

“ಪ್ರೂಫ್ ಎಲ್ಲಿ?” ಎಂದೆ.

ಅಲ್ಲಿಯವರೆಗೆ ನನ್ನನ್ನು ಮೇಡಂ ಎನ್ನುತ್ತಿದ್ದ ತಿಪ್ಪೇಶ್, “ಹೊರಟು ನಿಂತೋರಿಗೆ ಪ್ರೂಫ್ ಯಾಕಮ್ಮ? ಬಾಗಿಲ ಹತ್ರ ಕೂತು ಚಪ್ಪಲಿ ಎಣಿಸಿ” ಎಂದರು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಆಪರೇಟರ್ ರುದ್ರೇಶ ಕಿಸಕ್ಕನೆ ನಕ್ಕ. ಸಂಜೆ ಹೊರಡುವಾಗ ನನ್ನ ಚೀಲ ಬಿಚ್ಚಿಸಿ ನೋಡಿದರು. ಅದರಲ್ಲಿ ಊಟದ ಡಬ್ಬಿ, ಕನ್ನಡಕ, ಕೊಡೆ ಇದ್ದವು.

ಹದಿನೈದನೆಯ ದಿನ ರುದ್ರೇಶನ ಮೇಜಿನ ಮೇಲೆ ಒಂದು ಹಾಳೆ ಕಣ್ಣಿಗೆ ಬಿತ್ತು. ವಾಸುದೇವಮೂರ್ತಿಯವರ ಮಗಳ ಮದುವೆ. ಅವರು ದಿನಾಂಕಕ್ಕೆಂದು ಬರೆದಿದ್ದ ‘ದಿ.’ಯನ್ನು ಇವನು ಅವರ ಹೆಸರಿನ ಮೊದಲು ಕೂರಿಸಿದ್ದ. ಜೀವಂತ ತಂದೆ ಮಗಳ ಲಗ್ನಪತ್ರಿಕೆಯಲ್ಲಿ ದಿವಂಗತರಾಗಿದ್ದರು.

ಸುಮ್ಮನಿರಬಹುದಿತ್ತು. ಚಪ್ಪಲಿ ಎಣಿಸುವವರಿಗೆ ಅಕ್ಷರದ ಗೊಡವೆ ಏಕೆ? ಆದರೂ ಎದ್ದು ಹೋಗಿ ತಿಪ್ಪೇಶರಿಗೆ ತೋರಿಸಿದೆ.

“ನಿಮ್ಮ ಕಾಲ ಮುಗೀತು. ನಾನೇ ನೋಡಿ ಓಕೆ ಮಾಡಿದೀನಿ” ಎಂದು ಅವರು ಹಾಳೆ ಕಿತ್ತುಕೊಂಡರು.

ಮೂರು ದಿನಕ್ಕೆ ವಾಸುದೇವಮೂರ್ತಿಯವರೇ ಪತ್ರಿಕೆ ಹಿಡಿದು ಬಂದರು. ಹಿಂದೆ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ನನ್ನ ವೈಕುಂಠ ಸಮಾರಾಧನೆಗೂ ನಿಮ್ಮಲ್ಲೇ ಅಚ್ಚು ಹಾಕಿಸ್ತೀವಿ ತಿಪ್ಪೇಶ್. ಮೊದಲು ಮಗಳ ಧಾರೆ ಎರೆಯೋಕೆ ಬಿಡಿ” ಎಂದರು.

ತಿಪ್ಪೇಶ್ ಕೌಂಟರಿನ ಹಿಂದಿನಿಂದ ನನ್ನ ಕಡೆ ಬೆರಳು ತೋರಿಸಿದರು. “ಕೆಲಸ ಬಿಡ್ತಿದಾರಲ್ಲ ಸ್ವಾಮಿ, ಆ ಸಿಟ್ಟಿಗೆ ಇವರೇ ಬೇಕಂತ ಮಾಡಿದ್ದು.”

ಅಂಗಡಿಯಲ್ಲಿ ಆರು ಗಿರಾಕಿಗಳಿದ್ದರು. ಎಲ್ಲರೂ ನನ್ನನ್ನೇ ನೋಡಿದರು. ಹದಿನಾಲ್ಕು ವರ್ಷದ ಹೆಸರು ಒಂದು ಬೆರಳಿನ ತುದಿಯಲ್ಲಿ ನಿಂತಿತ್ತು.

“ರುದ್ರೇಶ, ಪ್ರೂಫ್ ಹಾಳೆ ತಾ” ಎಂದೆ.

ಅವನು ತಲೆ ತಗ್ಗಿಸಿ ತಂದುಕೊಟ್ಟ. ಕೆಳಗೆ ‘ಸರಿಯಿದೆ’ ಎಂದು ಬರೆದು ತಿಪ್ಪೇಶರೇ ಸಹಿ ಹಾಕಿದ್ದರು. ವಾಸುದೇವಮೂರ್ತಿ ಅದನ್ನು ಓದಿದರು, ಎಲ್ಲರಿಗೂ ಕೇಳುವಂತೆ ಓದಿದರು.

“ಏನೋ ಆಯ್ತು ಬಿಡಿ ಮೇಡಂ” ಎಂದರು ತಿಪ್ಪೇಶ್. ಅಷ್ಟೇ.

ಮದುವೆಗೆ ಹನ್ನೊಂದೇ ದಿನ ಉಳಿದಿತ್ತು. ಪೇಪರ್ ಬಂಡಲನ್ನು ನಾನೇ ಕೆಳಗಿಳಿಸಿ, ಕುರ್ಚಿಯಲ್ಲಿ ಕೂತು, ಹೊಸ ಪ್ರೂಫನ್ನು ಎರಡು ಬಾರಿ ಓದಿ ಸಹಿ ಹಾಕಿದೆ. ನೋಟಿಸಿನ ಕೊನೆಯ ದಿನದವರೆಗೂ ಒಂಬತ್ತೂವರೆಗೆ ಸರಿಯಾಗಿ ಹೋದೆ. ಆ ಕೊನೆಯ ದಿನವೂ ಚೀಲ ಬಿಚ್ಚಿಸಿದರು.

ನೀತಿ: ಕೆಲಸ ಬಿಡುತ್ತೇನೆಂದು ತಿಳಿಸಿದವರು ಸತ್ತವರಲ್ಲ, ಕೊನೆಯ ದಿನದವರೆಗೂ ಅವರಿಗೆ ಮರ್ಯಾದೆ ಸಲ್ಲಬೇಕು. ಹೊರಡುವವರೂ, ಎದುರಿನವರು ಎಷ್ಟೇ ಕೆಳಗಿಳಿಯಲಿ, ತಮ್ಮ ಕೆಲಸವನ್ನು ಕೆಳಗಿಳಿಸಬಾರದು.

ತಿಪ್ಪೇಶರಿಗೂ ಈ ಕಥೆ ತಲುಪುತ್ತದೆಂದು ಬಲ್ಲೆ. ನನ್ನ ಮೇಲೆ ಸುಳ್ಳು ಹೊರಿಸಿದ್ದಕ್ಕೆ ಅವರು ಅದೇ ಕೌಂಟರಿನಲ್ಲಿ, ಗಿರಾಕಿಗಳ ಎದುರಿಗೇ, ನನ್ನ ಕ್ಷಮೆ ಕೇಳಬೇಕು.